ಡಿಲೀಟೆಡ್ ಸೀನಲ್ಲಿ ನಡೆದಿದ್ದು "ನಡೆದಿದ್ದು" ಅಂತ ಲೆಕ್ಕಕ್ಕೆ ಬರುತ್ತಾ?

ಹಿಂದಿನಸಾಲು:

ಮನೇಲಿ ಶುರುವಾದ ಒಂದು ಜಗಳನ ಇಲ್ಲಿಗೆ ತಂದಿದೀನಿ, ತೀರ್ಪು ಕೊಡಿ ಇಲ್ಲಾ ಇನ್ನಷ್ಟು ಕೆಡಿಸಿ, ಏನಾದ್ರೂ ಸರಿ.

ಮೊನ್ನೆ ತಮ್ಮನ ಜೊತೆ ಹಳೇ ಸಿನಿಮಾಗಳ ಮಾತಾಡ್ತಾ 'ಏಲಿಯನ್ಸ್' ವಿಷಯ ಬಂತು, 1986ರದ್ದು, ಜೇಮ್ಸ್ ಕ್ಯಾಮರೂನ್ ಮಾಡಿದ ಎರಡನೇ ಭಾಗ. ಕೊನೇಲಿ ರಿಪ್ಲೆ ಆ ಪುಟ್ಟ ಹುಡುಗಿ ನ್ಯೂಟ್‌ನ ಕರ್ಕೊಂಡ್ ಬರೋಕೆ ಒಬ್ಬಳೇ ಮತ್ತೆ ಆ ಏಲಿಯನ್ ಪ್ರಾಣಿಗಳ ಗೂಡೊಳಗೆ ಇಳೀತಾಳಲ್ಲ, ಅದಕ್ಕೆ ನಾನು "ಪಾಪ, ಸ್ವಂತ ಮಗಳನ್ನ ಕಳ್ಕೊಂಡಿದ್ಳು, ಇವಳನ್ನೂ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ" ಅಂದೆ. ಅವ್ನು ಟಕ್ ಅಂತ ತಿರುಗಿ "ಯಾವ ಮಗಳು ಅಕ್ಕ?" ಅಂದ.

ತಮಾಷೆ ಮಾಡ್ತಿದಾನೆ ಅನ್ಕೊಂಡೆ. ಅದೇ ಕಣೋ, ರಿಪ್ಲೆ ಬಾಹ್ಯಾಕಾಶದಲ್ಲಿ 57 ವರ್ಷ ನಿದ್ದೆ ಮಾಡಿ ಎದ್ದ ಮೇಲೆ ಕಂಪನಿಯವನು ಬಂದು ಒಂದು ಫೋಟೋ ಕೊಡ್ತಾನೆ, ಫೋಟೋದಲ್ಲಿ ಒಬ್ಬ ಮುದುಕಿ, ಅದು ರಿಪ್ಲೆ ಮಗಳು, 66ನೇ ವಯಸ್ಸಿಗೆ ತೀರಿಕೊಂಡಿರ್ತಾಳೆ, ಅವಳ ಹನ್ನೊಂದನೇ ಬರ್ತ್‌ಡೇ ಹೊತ್ತಿಗೆ ಮನೆಗೆ ಬರ್ತೀನಿ ಅಂತ ಮಾತು ಕೊಟ್ಟಿದ್ದೆ ಅಂತ ರಿಪ್ಲೆ ಫೋಟೋ ಸವರ್ತಾ ಹೇಳ್ತಾಳೆ, ಅಂತೆಲ್ಲ ವಿವರಿಸಿದೆ. ಅವ್ನು ಈ ಸಿನಿಮಾನ ಏನಿಲ್ಲ ಅಂದ್ರೂ ಹತ್ತು ಸಲ ನೋಡಿರೋನು, ನನ್ನನ್ನ ಜ್ವರ ಬಂದೋರ್ ಥರ ನೋಡ್ತಾ ಕೂತ.

ಹುಡುಕಿದ ಮೇಲೆ ಗೊತ್ತಾಯ್ತು. ಥಿಯೇಟರಿಗೆ ಬಂದಿದ್ದು 137 ನಿಮಿಷದ್ದು, ಅದರಲ್ಲಿ ಆ ಸೀನ್ ಇಲ್ಲ. ಆಮೇಲೆ ಡಿಸ್ಕಿಗೆ ಅಂತ ಬಂದಿದ್ದು 154 ನಿಮಿಷದ್ದು, ಅದರಲ್ಲಿ ಇದೆ. ನಾನು ಮೊದಲ ಸಲ ನೋಡಿದ್ದೇ ಉದ್ದದ್ದು, ಅವ್ನು ನೋಡಿರೋದು ಬರೀ ಗಿಡ್ಡದ್ದು. ಅಂದ್ರೆ ಇಷ್ಟು ವರ್ಷ ಇಬ್ರೂ ಒಂದೇ ಸಿನಿಮಾ ಇಷ್ಟ ಅಂತ ಹೇಳ್ಕೊಂಡು ಬೇರೆ ಬೇರೆ ಸಿನಿಮಾ ಇಷ್ಟಪಟ್ಟಿದೀವಿ!

ಅವನ ವಾದ: "ನೀನು ಸಿನಿಮಾ ಜೊತೆ ಅದರ ಕಸಾನೂ ನೋಡಿದೀಯ, ಡೈರೆಕ್ಟರ್ ಬೇಡ ಅಂತ ಎಸೆದಿದ್ದನ್ನ ಆಯ್ಕೊಂಡು ಬಂದು ಪಾತ್ರಕ್ಕೆ ಮಗಳು ಹುಟ್ಟಿಸ್ಬೇಡ." ನನ್ನ ವಾದ: ಬರೆದಿದ್ದು ನಿಜ, ಶೂಟ್ ಮಾಡಿದ್ದು ನಿಜ, ರಿಪ್ಲೆ ಪಾತ್ರದ ಸಿಗೋರ್ನಿ ವೀವರ್ ಅಳೋ ಹಾಗೆ ಮಾಡಿದ್ದು ನಿಜ, ಆಮೇಲೆ ಕ್ಯಾಮರೂನೇ ಅದನ್ನ ವಾಪಸ್ ಸೇರಿಸಿದ್ದೂ ನಿಜ. ಇಷ್ಟೆಲ್ಲ ನಿಜ ಆದ್ಮೇಲೆ ಮಗಳು ಮಾತ್ರ ಹೇಗೆ ಸುಳ್ಳಾಗ್ತಾಳೆ?

ಅಷ್ಟೇ ಪ್ರಶ್ನೆ. ಕತ್ತರಿಸಿದ ಸೀನ್ ಸಿನಿಮಾದ ಭಾಗನಾ, ಅಲ್ವಾ? ಅದನ್ನ ಇಟ್ಕೊಂಡು ಪಾತ್ರ ಹೀಗೆ ಹಾಗೆ ಅಂತ ವಾದ ಮಾಡ್ಬಹುದಾ?

ಬಾಲ್ಕನಿಟಿಕೆಟ್:

ಅಲ್ಲ. ಮುಗೀತು. ನಿಮ್ಮ ತಮ್ಮ ಗೆದ್ದಾನ, ಹೋಗಿ ಹೇಳ್ರಿ.

ಸ್ವಲ್ಪ ಬಿಡಿಸಿ ಹೇಳ್ತೀನಿ ಇಲ್ಲಾಂದ್ರ ಸಿಟ್ಟಾಗ್ತೀರಿ. ನಿಮ್ಮದೇ ಸೀರೀಸ್ ತಗೋರಿ. 1979ರ ಮೊದಲನೇ 'ಏಲಿಯನ್' ಒಳಗ ಒಂದು ಸೀನ್ ಕಟ್ ಮಾಡ್ಯಾರ, ಅದರಾಗ ರಿಪ್ಲೆ ಹಡಗಿನ ಕೆಳಗ ಹೋದಾಗ ಕ್ಯಾಪ್ಟನ್ ಡಲ್ಲಾಸ್ ಗೋಡೆಗೆ ಅಂಟಿಕೊಂಡಿರ್ತಾನ, ಇನ್ನೊಬ್ಬ ಆಗಲೇ ಅರ್ಧ ಮೊಟ್ಟಿ ಆಗ್ಯಾನ. ಅಂದ್ರ ಮನುಷ್ಯರನ್ನ ಹಿಡದು ಮೊಟ್ಟಿ ಮಾಡೂದು ಆ ಪ್ರಾಣಿ ಪದ್ಧತಿ. ಕೊಂದುಬಿಡು ಅಂತ ಡಲ್ಲಾಸ್ ಬೇಡ್ಕೊಂತಾನ, ಆಕಿ ಬೆಂಕಿ ಹಚ್ಚತಾಳ. ಕ್ಲೈಮ್ಯಾಕ್ಸಿನ ಓಟ ನಿಂತು ಹೋಗ್ತದ ಅಂತ ಡೈರೆಕ್ಟರ್ ರಿಡ್ಲಿ ಸ್ಕಾಟ್ ಅದನ್ನ ತಗದ. ಏಳು ವರ್ಷ ಆದಮ್ಯಾಲೆ ಕ್ಯಾಮರೂನ್ ಬಂದು ಮೊಟ್ಟಿ ಇಡೂದಕ್ಕ ಒಂದು ರಾಣಿ ತಂದು ನಿಲ್ಲಿಸಿದ. ಈಗ ಹೇಳ್ರಿ, ಕಟ್ ಆಗಿದ್ದೂ ಲೆಕ್ಕಕ್ಕ ಬರೂದಾದ್ರ ಮೊಟ್ಟಿ ಎಲ್ಲಿಂದ ಬರ್ತದ, ಮನುಷ್ಯರಿಂದೋ ರಾಣಿಯಿಂದೋ? ಕ್ಯಾಮರೂನ್ ನಿರಾಳ ರಾಣಿ ತರಾಕ ಆಗಿದ್ದ ಆ ಸೀನ್ ಯಾರೂ ನೋಡಿರಲಿಲ್ಲ ಅನ್ನೂದಕ್ಕ.

ತಗದ್ದು ಅಂದ್ರ ತಗದಂಗ. ಹೇಳಿ ಆಮ್ಯಾಲೆ ವಾಪಸ್ ತಗೊಂಡ ಮಾತಿಗೆ ಸಾಕ್ಷಿ ಕೇಳಿದಂಗ ಆತು ನಿಮ್ಮ ವಾದ.

ಕತ್ತರಿಕೈ:

ನಾನು ಒಂದಷ್ಟು ವರ್ಷ ಎಡಿಟಿಂಗ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಿರೋನು, ಎಡಿಟ್ ರೂಮಿನ ಕಡೆಯಿಂದ ಹೇಳ್ತೀನಿ.

ಮೊದಲು ಆ "ಕಸ" ಅನ್ನೋ ಮಾತಿಗೆ. ನಾವು ತೆಗೆದ ಸೀನ್‌ಗಳನ್ನ ಹಾಕಿಡೋ ಫೋಲ್ಡರಿಗೆ ಬಿನ್ ಅಂತಲೇ ಹೆಸರು, ಆದ್ರೆ ಅದು ಕಸದ ಬುಟ್ಟಿ ಅಲ್ಲ. ಫಿಲ್ಮ್ ಕಾಲದಲ್ಲಿ ಕತ್ತರಿಸಿದ ತುಂಡುಗಳಿಗೆ ಗೀರು ಬೀಳಬಾರ್ದು ಅಂತ ಒಳಗೆ ಬಟ್ಟೆ ಹಾಕಿರೋ ದೊಡ್ಡ ಡಬ್ಬದ ಮೇಲೆ ಪಿನ್ನಿಗೆ ಸಾಲಾಗಿ ನೇತು ಹಾಕ್ತಿದ್ರು, ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು ಅಂತ. ಆ ಡಬ್ಬದ ಹೆಸರೇ ಸಾಫ್ಟ್‌ವೇರಿಗೂ ಬಂತು. ಸೀನ್ ಕೆಟ್ಟದಾಗಿದೆ ಅಂತ ಮಾತ್ರ ತೆಗೆಯಲ್ಲ, ಎಷ್ಟೋ ಸಲ ತುಂಬಾ ಚೆನ್ನಾಗಿರುತ್ತೆ, ಅದು ಇದ್ರೆ ಮುಂದಿನದ್ದು ಸತ್ತೋಗುತ್ತೆ ಅಂತ ತೆಗೀತಾರೆ. ಒಳ್ಳೇ ಸೀನ್ ತೆಗೆಯೋ ದಿನ ರೂಮಲ್ಲಿ ಯಾರೂ ಜಾಸ್ತಿ ಮಾತಾಡಲ್ಲ.

ಆದ್ರೆ ಡಿಸ್ಕಲ್ಲಿ ಪ್ರತ್ಯೇಕವಾಗಿ ಸಿಗೋ ಡಿಲೀಟೆಡ್ ಸೀನ್ ಒಂದ್ಸಲ ಗಮನ ಇಟ್ಟು ನೋಡಿ. ಎಷ್ಟೋ ಸಲ ಮೂಲೇಲಿ ಟೈಮ್‌ಕೋಡ್ ಅಂಕಿ ಓಡ್ತಿರುತ್ತೆ, ಡಿಐ ಅಂದ್ರೆ ಬಣ್ಣ ತಿದ್ದೋ ಕೆಲಸ ಆಗಿರಲ್ಲ ಅದಕ್ಕೆ ಬಣ್ಣ ಎಲ್ಲ ಬೂದಿ ಬೂದಿ, ಡಬ್ಬಿಂಗ್ ಇಲ್ಲದೆ ಪೈಲಟ್ ಸೌಂಡೇ, ಅಂದ್ರೆ ಶೂಟಿಂಗ್ ಜಾಗದಲ್ಲಿ ಹಿಡಿದ ಸದ್ದೇ ಇರುತ್ತೆ, ಆರ್‌ಆರ್ ಅಂದ್ರೆ ಹಿನ್ನೆಲೆ ಸಂಗೀತ ಇಲ್ಲ, ಕಿಟಕಿ ಆಚೆ ಇನ್ನೂ ಹಸಿರು ಪರದೆ. ಯಾಕಂದ್ರೆ ಪಿಕ್ಚರ್ ಲಾಕ್ ಆದ್ಮೇಲೆ, ಅಂದ್ರೆ ಎಡಿಟ್ ಇಷ್ಟೇ ಅಂತ ಅಂತಿಮ ಆದ್ಮೇಲೆ, ಉಳಿದ ಸೀನ್‌ಗಳಿಗೆ ಮಾತ್ರ ಆ ಕೆಲಸ ಎಲ್ಲ ನಡೆಯೋದು. ಅಂದ್ರೆ ಅದು ಸಿನಿಮಾದಿಂದ ತೆಗೆದ ಸೀನ್ ಅನ್ನೋದಕ್ಕಿಂತ ಸಿನಿಮಾ ಆಗೋ ಮೊದಲೇ ನಿಂತು ಹೋದ ಸೀನ್. ನಿಮ್ಮ ಏಲಿಯನ್ಸ್ ಕಥೆ ಬೇರೆ, ಅದನ್ನ ಸೌಂಡು ಮ್ಯೂಸಿಕ್ ಎಲ್ಲ ಕೂರಿಸಿ ಪೂರ್ತಿ ಸಿನಿಮಾದೊಳಗೆ ಜೋಡಿಸಿ ಕೊಟ್ಟಿದಾರೆ. ಅದು ಡಿಲೀಟೆಡ್ ಸೀನ್ ಅಲ್ಲ, ಎರಡನೇ ವರ್ಷನ್. ಈ ಎರಡನ್ನ ಒಂದೇ ತಕ್ಕಡೀಲಿ ಹಾಕಬೇಡಿ.

ಈಗ ನನ್ನ ಅನುಭವ ಒಂದು, ಸಿನಿಮಾ ಹೆಸರು ಕೇಳ್ಬೇಡಿ. ಅಪ್ಪನ ಪಾತ್ರದವ್ರು ಸ್ಕೂಟರಿಂದ ಬಿದ್ದು ಹಣೆಗೆ ಪೆಟ್ಟು ಮಾಡ್ಕೊಳೋ ಒಂದು ಸೀನ್ ಇತ್ತು, ಎರಡು ನಿಮಿಷದ್ದು. ಸೆಕೆಂಡ್ ಹಾಫ್ ಎಳೀತಿದೆ ಅಂತ ಎತ್ತಿಬಿಟ್ರು. ಎತ್ತಿದ್ಮೇಲೆ ನೋಡಿದ್ರೆ ಮುಂದಿನ ಮೂರು ಶಾಟಲ್ಲಿ ಅವರ ಹಣೆ ಮೇಲೆ ಪ್ಲಾಸ್ಟರ್. ಯಾರು ಗಮನಿಸ್ತಾರೆ ಬಿಡ್ರೋ ಅಂದ್ರು ಡೈರೆಕ್ಟರ್. ಹೊರಗಿನ ನಾಲ್ಕು ಜನಕ್ಕೆ ಅಂತ ಹಾಕಿ ತೋರಿಸಿದ್ವಿ, ಮುಗಿದ ತಕ್ಷಣ ಮೊದಲ ಮಾತೇ "ಮಗ ಅಪ್ಪನಿಗೆ ಹೊಡೆದಿದ್ದು ಯಾಕೆ ತೋರಿಸಿಲ್ಲ, ಸೂಚ್ಯವಾಗಿ ಬಿಟ್ರಾ, ಸಖತ್ತಾಗಿದೆ" ಅಂತ! ನಮಗೆ ಅರ್ಥಾನೇ ಆಗ್ಲಿಲ್ಲ. ಆಮೇಲೆ ಹೊಳೀತು, ಸ್ಕೂಟರ್ ಸೀನ್ ಹೋದ ಮೇಲೆ ಅದರ ಹಿಂದಿನ ಸೀನ್ ಪಕ್ಕಕ್ಕೆ ಬಂದು ಕೂತಿದೆ, ಅದರಲ್ಲಿ ಅಪ್ಪ ಮಗ ಜಗಳ ಆಡಿ ಮಗ ಬಾಗಿಲು ಬಡಿದು ಹೋಗ್ತಾನೆ. ಜಗಳ, ಕಟ್, ಪ್ಲಾಸ್ಟರ್. ನೋಡೋರು ಇನ್ನೇನು ಅನ್ಕೋಬೇಕು?

ಎರಡು ಶಾಟಲ್ಲಿ ಪ್ಲಾಸ್ಟರ್ ಅಳಿಸಿದ್ವಿ. ಮೂರನೇದ್ರಲ್ಲಿ ಅವ್ರು ಮಾತಾಡ್ತಾ ಬೆರಳಲ್ಲಿ ಅದನ್ನೇ ಮುಟ್ಟಿ ನೋಡ್ಕೋತಾರೆ, ಅಳಿಸೋಕೆ ಬರಲ್ಲ, ಬೇರೆ ಟೇಕೂ ಸರಿ ಇರ್ಲಿಲ್ಲ, ಹಾಗೇ ಹೋಯ್ತು. ಇವತ್ತಿಗೂ ಇದೆ. ಈಗ ಆ ಹಣೆಗೆ ಏನಾಯ್ತು ಅಂತ ನನ್ನ ಕೇಳಿದ್ರೆ ಸ್ಕೂಟರ್ ಅಂತೀನಿ, ನಾನು ಆ ಫುಟೇಜ್ ನೋಡಿದೀನಿ. ಆದ್ರೆ ಸಿನಿಮಾ ಸ್ಕೂಟರ್ ಅನ್ನಲ್ಲ. ದುಡ್ಡು ಕೊಟ್ಟು ನೋಡಿದವ್ರಿಗೆ ನಾವು ಕೊಟ್ಟಿದ್ದು ಮಗ ಹೊಡೆದಿರ್ಬಹುದು ಅನ್ನೋ ಅನುಮಾನ, ಅವ್ರಿಗೆ ಹೋಗಿ ಇಲ್ಲ ಅದು ಸ್ಕೂಟರ್ ಅಂತ ಹೇಳೋ ಹಕ್ಕು ನನಗಿದೆ ಅಂತ ನನಗನಿಸಲ್ಲ.

ಅದಕ್ಕೇ ನನ್ನ ಉತ್ತರ ಅಡ್ಡಗೋಡೆ ಮೇಲಿನ ದೀಪ: ಸೀನ್ ಸಿನಿಮಾದಲ್ಲಿಲ್ಲ, ಅದು ಇದ್ದ ಜಾಗದ ಗುರುತು ಮಾತ್ರ ಸಿನಿಮಾದಲ್ಲಿದೆ.

ರೀಲುಪೆಟ್ಟಿಗೆ:

ಕತ್ತರಿಕೈ ಅವರೇ ಆ ಪ್ಲಾಸ್ಟರ್ ಕಥೆಗೆ ಒಂದು ಕೈ ಮುಗಿದೆ. ಅದರದ್ದೇ ದೊಡ್ಡ ಬಜೆಟ್ ಆವೃತ್ತಿ ಒಂದಿದೆ. 2003ರ 'ಲಾರ್ಡ್ ಆಫ್ ದ ರಿಂಗ್ಸ್' ಮೂರನೇ ಭಾಗ, ಥಿಯೇಟರ್ ಪ್ರಿಂಟಲ್ಲಿ ಮಾಂತ್ರಿಕ ಸರುಮಾನ್ ಕಾಣಿಸೋದೇ ಇಲ್ಲ, ಹಿಂದಿನ ಭಾಗದ ಮುಖ್ಯ ವಿಲನ್ ಆದವನನ್ನ ಗೋಪುರದಲ್ಲೇ ಕೂರಿಸಿ ಎರಡು ಮಾತಲ್ಲಿ ಮುಗಿಸಿಬಿಟ್ರು. ಆ ಪಾತ್ರ ಮಾಡಿದ ಕ್ರಿಸ್ಟೋಫರ್ ಲೀಗೆ ತುಂಬಾ ಬೇಜಾರಾಗಿತ್ತು. ಉದ್ದದ ವರ್ಷನ್‌ನಲ್ಲಿ ಅವನನ್ನ ಚುಚ್ಚಿ ಕೊಲ್ಲೋದು, ಮೇಲಿಂದ ಬೀಳೋದು, ಬಿದ್ದ ಮೇಲೆ ಅವನ ಹತ್ರ ಇದ್ದ ಕಪ್ಪು ಮಾಂತ್ರಿಕ ಗೋಲಿ ನೀರಿಗೆ ಬೀಳೋದು ಎಲ್ಲ ಇದೆ. ಥಿಯೇಟರ್ ಪ್ರಿಂಟಲ್ಲಿ ಇದ್ಯಾವುದೂ ಇಲ್ಲ, ಆದ್ರೆ ನಾಯಕರ ಗುಂಪಿನ ಪಿಪಿನ್ ಹೋಗಿ ನೀರಿಂದ ಗೋಲಿ ಎತ್ಕೊಳೋದು ಮಾತ್ರ ಇದೆ. ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಆ ವರ್ಷ ಆ ಸಿನಿಮಾಗೆ 11 ಆಸ್ಕರ್ ಬಂತು, ಅದರಲ್ಲಿ ಎಡಿಟಿಂಗಿಗೂ ಒಂದು. ಬಹುಮಾನ ಬಂದಿದ್ದು ಸರುಮಾನ್ ಇಲ್ಲದ ಕಟ್‌ಗೆ.

ಆದ್ರೆ ಬಾಲ್ಕನಿಯವ್ರೇ, ನೀವು "ಮುಗೀತು" ಅಂದಷ್ಟು ಸುಲಭ ಇಲ್ಲ ಇದು. ರಿಲೀಸ್ ಆಗಿದ್ದೇ ಸಿನಿಮಾ ಅಂತೀರಲ್ಲ, ಯಾವ ರಿಲೀಸ್? ಕೂಬ್ರಿಕ್ 'ದ ಶೈನಿಂಗ್' 1980ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಿಡುಗಡೆ ಆದ್ಮೇಲೆ, ಸಿನಿಮಾ ಓಡ್ತಾ ಇರೋವಾಗ್ಲೇ, ಕೊನೇಲಿದ್ದ ಎರಡು ನಿಮಿಷದ ಆಸ್ಪತ್ರೆ ಸೀನನ್ನ ಪ್ರಿಂಟುಗಳಿಂದ ಕತ್ತರಿಸಿ ವಾಪಸ್ ಕಳಿಸಿ ಅಂದ. ಮೊದಲ ದಿನಗಳಲ್ಲಿ ನೋಡಿದವ್ರ ಸಿನಿಮಾದಲ್ಲಿ ಆಸ್ಪತ್ರೆ ಇದೆ, ಆಮೇಲೆ ನೋಡಿದವ್ರದ್ರಲ್ಲಿ ಇಲ್ಲ, ಇಬ್ರೂ ಟಿಕೆಟ್ ತಗೊಂಡೇ ನೋಡಿದ್ದು. ಅದಾದ್ಮೇಲೆ ಯುರೋಪಿಗೆ ಹೋಗೋವಾಗ ಇನ್ನೂ ಸುಮಾರು 25 ನಿಮಿಷ ತೆಗೆದ. ಎಲ್ಲಾ ಅವನೇ ಮಾಡಿದ್ದು, ನಿರ್ಮಾಪಕನ ಕಾಟ ಅಂತಾನೂ ಹೇಳೋ ಹಾಗಿಲ್ಲ.

ಇದೇ ಸಿನಿಮಾಗೆ ಅಂತ ಹೆಲಿಕಾಪ್ಟರಿಂದ ತೆಗೆದು ಉಳಿದುಹೋದ ಬೆಟ್ಟದ ದೃಶ್ಯಗಳನ್ನ 1982ರ 'ಬ್ಲೇಡ್ ರನ್ನರ್' ಕೊನೆಗೆ ಹಾಕಿದ್ರು, ಸ್ಟುಡಿಯೋಗೆ ಸುಖಾಂತ್ಯ ಬೇಕಿತ್ತು ಅದಕ್ಕೆ. ಒಬ್ಬನ ಬಿನ್ ಇನ್ನೊಬ್ಬನ ಕ್ಲೈಮ್ಯಾಕ್ಸ್! 1992ರ ಡೈರೆಕ್ಟರ್ಸ್ ಕಟ್‌ನಲ್ಲಿ ಅದನ್ನ ಅಲ್ಲಿಂದ್ಲೂ ತೆಗೆದ್ರು, ಪಾಪ ಆ ಬೆಟ್ಟಕ್ಕೆ ಎಲ್ಲೂ ನೆಲೆ ಇಲ್ಲ.

ಇನ್ನು ಬಲವಂತದ ಕಟ್‌ಗಳು. ಆರ್ಸನ್ ವೆಲ್ಸ್ 'ದ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' ಮುಗಿಸಿ 1942ರಲ್ಲಿ ಬ್ರೆಜಿಲ್‌ನಲ್ಲಿ ಇನ್ನೊಂದು ಶೂಟಿಂಗಲ್ಲಿದ್ದಾಗ ಅಮೆರಿಕದಲ್ಲಿ ಸ್ಟುಡಿಯೋದವ್ರು 40 ನಿಮಿಷಕ್ಕಿಂತ ಜಾಸ್ತಿ ಕತ್ತರಿಸಿ, ಅಂತ್ಯ ಬೇರೆ ಶೂಟ್ ಮಾಡಿ 88 ನಿಮಿಷಕ್ಕೆ ಇಳಿಸಿದ್ರು. ತೆಗೆದಿದ್ದರ ನೆಗೆಟಿವ್ ಕೂಡ ನಾಶ ಮಾಡಿದ್ರು. ಸಂಗೀತ ಮಾಡಿದ್ದ ಬರ್ನಾರ್ಡ್ ಹರ್ಮನ್ ನನ್ನ ಹೆಸರೇ ಬೇಡ ತೆಗೀರಿ ಅಂದ. ಇಲ್ಲೂ "ತಗದ್ದು ಅಂದ್ರ ತಗದಂಗ" ಅಂತೀರಾ? ಫ್ರಿಟ್ಜ್ ಲ್ಯಾಂಗ್‌ನ 'ಮೆಟ್ರೊಪೊಲಿಸ್' 1927ರದ್ದು, ಕತ್ತರಿಸಿದ ಭಾಗ 2008ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಮ್ಯೂಸಿಯಮ್ಮಲ್ಲಿ ಗೀರು ಗೀರಾದ ಪ್ರತಿಯಾಗಿ ಸಿಕ್ತು, ಸುಮಾರು 25 ನಿಮಿಷ. ಅದನ್ನ ಸೇರಿಸಿದಾಗ "ಡಿಲೀಟೆಡ್ ಸೀನ್ಸ್ ಹಾಕಿದ್ರು" ಅಂತ ಯಾರೂ ಅನ್ಲಿಲ್ಲ, ಕಳೆದಿದ್ದು ಸಿಕ್ತು ಅಂದ್ರು.

ನನ್ನ ಪ್ರಕಾರ ಮೊದಲು ಕೇಳ್ಬೇಕಾಗಿರೋದು ಯಾರು ಕತ್ತರಿಸಿದ್ದು ಅಂತ.

ಬಾಲ್ಕನಿಟಿಕೆಟ್:

ಆಂಬರ್ಸನ್ಸ್ ಮಾತು ಒಪ್ಪಿದೆ. ಕಸಿದುಕೊಂಡಿದ್ದು ಬ್ಯಾರೆ, ಬಿಟ್ಟಿದ್ದು ಬ್ಯಾರೆ.

ಆದ್ರ "ಯಾರು ಕತ್ತರಿಸಿದ್ದು" ಅನ್ನೂದೂ ಪೂರ್ತಿ ಉತ್ತರ ಅಲ್ಲ್ರೀ. 'ಶೋಲೆ' ನೋಡ್ರಿ. ಠಾಕೂರ್ ತನ್ನ ಕಾಲಿಂದ ಗಬ್ಬರ್‌ನ ಕೊಲ್ಲೂದು ಮೊದಲಿನ ಅಂತ್ಯ, 1975, ಎಮರ್ಜೆನ್ಸಿ ಟೈಮು, ಸೆನ್ಸಾರ್ ಒಪ್ಪಲಿಲ್ಲ, ಪೊಲೀಸ್ ಬರೂ ಹಂಗ ಮತ್ತ ಶೂಟ್ ಮಾಡಿದ್ರು. ಬಲವಂತದ್ದ ಅದು. 2025ರಾಗ ಮೂಲ ಅಂತ್ಯ ಕೂಡಿಸಿ ರಿಪೇರಿ ಮಾಡಿದ ಪ್ರತಿ ಬೊಲೊನ್ಯಾ ಫೆಸ್ಟಿವಲ್ಲಿನ್ಯಾಗ ತೋರಿಸಿದ್ರು. ಛಲೋ ಆತು. ಆದ್ರ ಐವತ್ತು ವರ್ಷ ಕೋಟಿಗಟ್ಟಲೆ ಮಂದಿ ನೋಡಿದ್ದು ಪೊಲೀಸ್ ಬರೂ ಶೋಲೆ. ಅವರು ನೋಡಿದ್ದು ಶೋಲೆ ಅಲ್ಲ ಅನ್ನಾಕ ನನಗ ಬಾಯಿ ಬರಂಗಿಲ್ಲ.

ಅದ ಸಿನಿಮಾದಾಗ ಇನ್ನೊಂದು ಐತಿ. ಇಮಾಮ್ ಸಾಹೇಬರ ಮಗ ಅಹ್ಮದ್‌ನ ಕೊಲ್ಲೂದು ಉದ್ದಕ ಶೂಟ್ ಮಾಡಿದ್ರು, ರಿಲೀಸ್ ಆದ ಪ್ರತಿಯೊಳಗ ಇಲ್ಲ. ಅಲ್ಲಿ ಏನೈತಿ? ಗಬ್ಬರ್ ಮಲಗ್ಯಾನ, ಕೈ ಮ್ಯಾಲೆ ಒಂದು ಇರುವಿ ಹರದಾಡ್ತದ, ಅದನ್ನ ನೋಡ್ಕೋತ ಇದ್ದವ ಪಟ್ ಅಂತ ಹೊಸಕಿ ಬಿಡ್ತಾನ. ಮುಂದಿನ ಶಾಟಿಗೆ ಕುದುರಿ ಮ್ಯಾಲೆ ಹುಡುಗನ ಹೆಣ ಊರಿಗೆ ಬರ್ತದ. ಇಷ್ಟ. ಆ ಇರುವಿ ಮುಂದ ಯಾವ ಹೊಡದಾಟದ ಸೀನು ನಿಲ್ತದ ಹೇಳ್ರಿ? ತಗದ ಸೀನ್ ವಾಪಸ್ ಹಾಕಿದ್ರ ಇರುವಿ ಬರೇ ಇರುವಿ ಆಗ್ತದ.

ವಾಪಸ್ ಹಾಕಿ ಕೆಡಿಸಿದ್ದಕ್ಕೂ ಉದಾಹರಣಿ ಐತಿ. 'ಸ್ಟಾರ್ ವಾರ್ಸ್' 1977ರಾಗ ಕಳ್ಳಸಾಗಣೆ ಮಾಡೂ ಹ್ಯಾನ್ ಸೋಲೋ ಮತ್ತ ಅವನಿಗೆ ಕೆಲಸ ಕೊಟ್ಟ ಗೂಂಡಾ ಜಬ್ಬಾ ಮಾತಾಡೂ ಸೀನ್ ಕಟ್ ಆಗಿತ್ತು, ಜಬ್ಬಾನ ಜಾಗಾದಾಗ ಒಬ್ಬ ಮನುಷ್ಯ ನಿಂತಿದ್ದ. 1997ರಾಗ ಕಂಪ್ಯೂಟರ್ ಜಬ್ಬಾನ ಕೂಡಿಸಿ ಒಳಗ ಹಾಕಿದ್ರು. ಈಗೇನಾತು, ನಮ್ಮಂಥವರ ಹಡಗನ್ನೂ ಒಮ್ಮೊಮ್ಮೆ ತಪಾಸಣಿ ಮಾಡ್ತಾರ ಅಂತ ತನ್ನ ಹಿಡಿಯಾಕ ಬಂದ ಗ್ರೀಡೋಗ ಹೇಳಿದ ಮಾತ ಜಬ್ಬಾನ ಮುಂದೂ ಹೇಳ್ತಾನ ಸೋಲೋ. ಒಂದ ನೆವ, ಇಬ್ಬರ ಮುಂದ, ಸ್ವಲ್ಪ ಹೊತ್ತಿನ್ಯಾಗ. ಎರಡರಾಗ ಒಂದ ಸೀನ್ ಇದ್ದಾಗ ಸರಿ ಇತ್ತು ಅದು.

ಓಲೆಗರಿ:

ಸಿನಿಮಾ ನನ್ನ ಕ್ಷೇತ್ರ ಅಲ್ಲ, ಹಳೆಯ ಹಸ್ತಪ್ರತಿಗಳ ಜೊತೆ ಸ್ವಲ್ಪ ಒಡನಾಟ ಇರೋನು. ನೀವೆಲ್ಲ ಜಗಳ ಆಡ್ತಿರೋ ವಿಷಯಕ್ಕೆ ನಮ್ಮಲ್ಲಿ ಬಹಳ ಹಿಂದಿನಿಂದ ಪದಗಳಿವೆ ಅಂತ ಹೇಳೋಕೆ ಬಂದೆ. ಪಾಠಾಂತರ ಅಂದರೆ ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳಲ್ಲಿ ಸಿಗೋ ಬೇರೆ ರೂಪ, ಪ್ರಕ್ಷಿಪ್ತ ಅಂದರೆ ಆಮೇಲೆ ಒಳಗೆ ಸೇರಿಸಿದ್ದು.

ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಿಂದ 1966ರವರೆಗೆ ಮಹಾಭಾರತದ ಪರಿಷ್ಕೃತ ಆವೃತ್ತಿ ಮಾಡಿದ್ರು, ದೇಶದ ಬೇರೆ ಬೇರೆ ಲಿಪಿಗಳ ಪ್ರತಿಗಳನ್ನ ಎದುರಿಗಿಟ್ಟುಕೊಂಡು. ಗಣಪತಿ ಕೂತು ಬರೆದ ಅನ್ನೋ ಕಥೆ ಇದೆಯಲ್ಲ, ಅದು ಮೂಲಪಾಠದಿಂದ ಹೊರಗೆ ಹೋಯ್ತು. ಸಭಾಪರ್ವದಲ್ಲಿ ದ್ರೌಪದಿ ಕೃಷ್ಣನನ್ನ ಕೂಗಿ ಬೇಡಿಕೊಳ್ಳೋ ಭಾಗವೂ ಹೊರಗೆ ಹೋಯ್ತು. ಆದರೆ ಇಲ್ಲಿ ಕತ್ತರಿಕೈ ಅವರ ಪ್ಲಾಸ್ಟರ್ ನೆನಪಾಯ್ತು ನನಗೆ: ಪ್ರಾರ್ಥನೆ ಹೋದ ಮೇಲೂ ಮೂಲಪಾಠದಲ್ಲಿ ವಸ್ತ್ರ ಬರ್ತಾನೇ ಇದೆ, ಒಂದು ಎಳೆದರೆ ಇನ್ನೊಂದು. ಯಾರು ಕೊಟ್ಟರು ಅಂತ ಹೇಳೋ ಶ್ಲೋಕ ಇಲ್ಲ. ಓದುವವರ ಮನಸ್ಸಿಂದ ಕೃಷ್ಣನನ್ನ ತೆಗೆಯೋಕೆ ಯಾವ ಸಂಪಾದಕನಿಗೂ ಆಗಿಲ್ಲ, ಆಗೋದೂ ಇಲ್ಲ.

ಮುಖ್ಯ ವಿಷಯ ಏನಂದ್ರೆ, ಆ ಸಂಪಾದಕರು ಬಿಟ್ಟದ್ದನ್ನ ಸುಟ್ಟುಹಾಕಲಿಲ್ಲ. ಪ್ರತಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ದೊಡ್ಡದಿದ್ದರೆ ಅನುಬಂಧದಲ್ಲಿ ಕೊಟ್ಟರು, ಇದು ಇಂತಿಂಥ ಪ್ರತಿಗಳಲ್ಲಿದೆ ಅಂತ ಗುರುತು ಹಾಕಿ. ಡಿಲೀಟೆಡ್ ಸೀನ್‌ಗೆ ಸರಿಯಾದ ಜಾಗ ಅದೇ ಅನಿಸುತ್ತೆ, ಅಡಿಟಿಪ್ಪಣಿ. ಹೊರಗೂ ಅಲ್ಲ, ಒಳಗೂ ಅಲ್ಲ, ಪುಟದ ಮೇಲಂತೂ ಇದೆ.

ಒಂದು ವ್ಯತ್ಯಾಸ ಮರೀಬಾರದು. ಪ್ರಕ್ಷಿಪ್ತ ಅಂದರೆ ಬೇರೆಯವರು ಸೇರಿಸಿದ್ದು. ನಿಮ್ಮದು ಮಾಡಿದವನೇ ತೆಗೆದದ್ದು, ಕೆಲವು ಸಲ ಅವನೇ ಮತ್ತೆ ಸೇರಿಸಿದ್ದು. ತಾಳೆಗರಿಯಲ್ಲಿ ಕವಿ ತಾನೇ ಬರೆದು ತಾನೇ ಹೊಡೆದು ಹಾಕಿದ ಸಾಲು ಸಿಕ್ಕರೆ ನಾವು ಕುಣಿದಾಡ್ತೀವಿ, ಕವಿ ಹೇಗೆ ಯೋಚಿಸಿದ ಅಂತ ಗೊತ್ತಾಗುತ್ತಲ್ಲ ಅಂತ. ಆದರೆ ಆ ಸಾಲನ್ನ ಕಾವ್ಯದೊಳಗೆ ಸೇರಿಸಿ ಅಚ್ಚು ಹಾಕಿಸಿದರೆ ಮಾತ್ರ ಜಗಳ.

ರೀಲುಪೆಟ್ಟಿಗೆ:

ಓಲೆಗರಿ ಸರ್, ಕವಿ ಮನಸ್ಸು ಬದಲಾಯಿಸ್ತಾನೇ ಇದ್ರೆ ಏನ್ಮಾಡ್ತೀರಿ? ಕೊಪೊಲ 'ಅಪೋಕ್ಯಾಲಿಪ್ಸ್ ನೌ' 1979ರಲ್ಲಿ ಒಂದು ಬಿಟ್ಟ, 2001ರಲ್ಲಿ 49 ನಿಮಿಷ ಸೇರಿಸಿದ, 2019ರಲ್ಲಿ ಅದು ಜಾಸ್ತಿ ಆಯ್ತು ಅಂತ ಮತ್ತೆ ಒಂದಷ್ಟು ತೆಗೆದು ಇದೇ ಫೈನಲ್ ಅಂದ. ಮೂರಕ್ಕೂ ಸಹಿ ಅವನದ್ದೇ.

ಓಲೆಗರಿ:

ಮೂರೂ ಪಾಠಾಂತರ. ಒಂದಕ್ಕೊಂದು ಬೆರೆಸದೆ ಮೂರನ್ನೂ ಬೇರೆ ಬೇರೆ ಓದಬೇಕು. 1979ರದ್ದನ್ನ ವಿಮರ್ಶೆ ಮಾಡ್ತಾ 2001ರ ಸೀನ್ ಉದಾಹರಣೆ ಕೊಟ್ಟರೆ ನಾನು ಅಂಕ ಕೊಡಲ್ಲ.

ಜಾಯ್‌ಸ್ಟಿಕ್ಕು:

ಎಲ್ರೂ ದೊಡ್ಡ ದೊಡ್ಡ ಮಾತಾಡ್ತಿದೀರ, ಮೂಲ ಪ್ರಶ್ನೆ ರಿಪ್ಲೆಗೆ ಮಗಳಿದ್ಳಾ ಅಂತ ಅಲ್ವಾ 😄 ಇದ್ಳು ಗುರು, ನಾನೇ ಅವಳಾಗಿ ಆಡಿದೀನಿ! 2014ರಲ್ಲಿ 'ಏಲಿಯನ್: ಐಸೊಲೇಶನ್' ಅಂತ ಗೇಮ್ ಬಂತು, ಹೀರೋಯಿನ್ನೇ ಅಮಾಂಡಾ ರಿಪ್ಲೆ, ಕಾಣೆಯಾದ ಅಮ್ಮನಿಗೆ ಏನಾಯ್ತು ಅಂತ ಹುಡುಕ್ಕೊಂಡು ಹೋಗ್ತಾಳೆ. ರಾತ್ರಿ ಲೈಟ್ ಆಫ್ ಮಾಡ್ಕೊಂಡು ಆಡೋಕೆ ಹೋಗಿ ಎರಡು ದಿನ ನಿದ್ದೆ ಬಂದಿಲ್ಲ, ಬೀರು ಒಳಗೆ ಬಚ್ಚಿಟ್ಕೊಂಡು ಉಸಿರು ಹಿಡ್ಕೊಂಡಿರ್ತೀವಿ ಹೊರಗಡೆ ಅದು ಓಡಾಡ್ತಿರುತ್ತೆ. ಥಿಯೇಟರಿಗೆ ಬರದೇ ಇದ್ದ ಒಂದು ಸೀನಲ್ಲಿ, ಬರೀ ಒಂದು ಫೋಟೋದಲ್ಲಿದ್ದ ಮುದುಕಿ ಸುತ್ತ ಒಂದು ಇಡೀ ಗೇಮ್ ಕಟ್ಟಿದಾರೆ ಅಂದ್ರೆ ಅವಳು ಲೆಕ್ಕಕ್ಕಿಲ್ಲ ಅಂತ ಹೆಂಗ್ ಹೇಳ್ತೀರಾ.

ಕತ್ತರಿಕೈ:

ಜಾಯ್‌ಸ್ಟಿಕ್ಕು ಹೇಳಿದ್ದು ಸರಿ, ಆದ್ರೆ ಅದು ಬೇರೆ ಪ್ರಶ್ನೆಗೆ ಉತ್ತರ. ಆ ಕಥೆಯ ಲೋಕದಲ್ಲಿ ಮಗಳು ಇದಾಳೆ. ಆ 137 ನಿಮಿಷದಲ್ಲಿ ಇಲ್ಲ. ಆ 137 ನಿಮಿಷಕ್ಕೇ ವೀವರ್‌ಗೆ ಆಸ್ಕರ್ ನಾಮಿನೇಶನ್ ಬಂದಿದ್ದು, ಮಗಳ ಸೀನ್ ಇಲ್ಲದೆ.

ಆದ್ರೆ ಇಲ್ಲೊಂದು ತಮಾಷೆ ಇದೆ. ನಟಿಗೆ ಗೊತ್ತಿತ್ತಲ್ಲ? ಸ್ಕ್ರಿಪ್ಟಲ್ಲಿ ಮಗಳಿದ್ಳು, ಆ ಸೀನ್ ಮಾಡಿದಾರೆ, ಫೋಟೋದಲ್ಲಿರೋ ಮುದುಕಿ ವೀವರ್ ಅವರ ಸ್ವಂತ ತಾಯಿಯೇ, ಎಲಿಜಬೆತ್ ಇಂಗ್ಲಿಸ್ ಅಂತ, ಅವ್ರೂ ನಟಿ. ಹಾಗಿರೋವಾಗ ಹುಡುಗಿ ಜೊತೆಗಿನ ಸೀನ್‌ಗಳನ್ನ ಅವ್ರು ಮಾಡಿದ್ದು ಮಗಳನ್ನ ಕಳ್ಕೊಂಡ ತಾಯಿಯಾಗೇ. ಎಡಿಟರ್ ಫೋಟೋ ತೆಗೀಬಹುದು, ಮುಖದಲ್ಲಿರೋದನ್ನ ತೆಗೆಯೋಕಾಗಲ್ಲ. @ಹಿಂದಿನಸಾಲು, ಒಂದ್ಸಲ ಗಿಡ್ಡ ವರ್ಷನ್ ನೋಡಿ ಹೇಳಿ.

ಹಿಂದಿನಸಾಲು:

ಇಷ್ಟೊಂದು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ, ಎಲ್ಲಾ ಎರಡೆರಡು ಸಲ ಓದಿದೆ. ಮೊಟ್ಟೆ ವಿಷಯ ತಮ್ಮನಿಗೆ ಓದಿ ಹೇಳಿದಾಗ ಕುಣಿದ್ಬಿಟ್ಟ.

ನೋಡಿದ್ವಿ. ನಿನ್ನೆ ರಾತ್ರಿ, ಇಬ್ರೂ, 137 ನಿಮಿಷದ್ದು. ನಾನು ಇದನ್ನ ನೋಡಿದ್ದು ಇದೇ ಮೊದಲು. ಶುರುವಲ್ಲಿ ಆ ಫೋಟೋ ಸೀನ್ ಬರಬೇಕಾದ ಜಾಗಕ್ಕೆ ಕಾಯ್ತಾ ಇದ್ದೆ, ಬರ್ಲಿಲ್ಲ, ಮೆಟ್ಟಿಲು ಇದೆ ಅನ್ಕೊಂಡು ಕಾಲಿಟ್ಟ ಹಾಗಾಯ್ತು. ಆದ್ರೆ ಒಂದು ಒಪ್ಕೋತೀನಿ, ಹತ್ತು ನಿಮಿಷ ಆದ್ಮೇಲೆ ಮರೆತೇ ಹೋಯ್ತು. ಸಿನಿಮಾ ಓಡುತ್ತೆ. ಇವಳು ಯಾಕೆ ಈ ಹುಡುಗಿಗೆ ಇಷ್ಟು ಅಂಟ್ಕೋತಾಳೆ ಅಂತ ಕಾರಣ ಬೇಕು ಅಂತಾನೇ ಅನ್ಸಲ್ಲ, ಇಬ್ರೂ ಒಂದೊಂದು ಸಲ ಎಲ್ಲರನ್ನೂ ಕಳ್ಕೊಂಡು ಬದುಕುಳಿದವ್ರು, ಅಷ್ಟು ಸಾಕಾಗುತ್ತೆ. ನಿಜ ಹೇಳ್ಬೇಕಂದ್ರೆ ಕಾರಣ ಹೇಳದೇ ಇದ್ದಿದ್ದೇ ಒಂಥರಾ ದೊಡ್ಡದಾಗಿ ಕಂಡಿತು, ಸತ್ತ ಮಗಳ ಬದಲಿಗೆ ಇನ್ನೊಬ್ಬಳು ಅನ್ನೋ ಲೆಕ್ಕಾಚಾರ ಇಲ್ಲ ಅಲ್ಲಿ.

ಆಮೇಲೆ ಆ ಜಾಗ ಬಂತು. ಹುಡುಗೀನ ಮಲಗಿಸೋವಾಗ ರಿಪ್ಲೆ ನಿನ್ನ ಬಿಟ್ಟು ಹೋಗಲ್ಲ ಅಂತಾಳೆ, ಇದು ಪ್ರಾಮಿಸ್ ಅಂತಾಳೆ. ಈ ಮಾತು ಎರಡು ವರ್ಷನ್ನಲ್ಲೂ ಇದೆ, ಒಂದೇ ಟೇಕು, ಒಂದೇ ಮುಖ. ತಮ್ಮ ಎಂದಿನ ಹಾಗೆ ನೋಡ್ತಾ ಇದ್ದ. ನನಗೆ ಮಾತ್ರ ಅದು ಎರಡನೇ ಪ್ರಾಮಿಸ್. ಮೊದಲನೇದು ಹನ್ನೊಂದನೇ ಬರ್ತ್‌ಡೇದು, ಅದು ಮುರಿದು 57 ವರ್ಷ ಆಗಿದೆ. ಆ ಮಾತು ಹೇಳೋ ಮುಂಚೆ ಅವಳ ಮುಖದಲ್ಲಿ ಏನೋ ಒಂದು ಕ್ಷಣ ತಡೆದ ಹಾಗೆ ನನಗೆ ಕಂಡಿತು, ಅಥವಾ ನನಗೆ ಗೊತ್ತಿರೋದ್ರಿಂದ ಕಂಡಿತೋ ಏನೋ. ಅಲ್ಲೇ ನಿಲ್ಲಿಸಿ ಅವನಿಗೆ ತೋರಿಸಿದೆ, ನೋಡು, ಇಲ್ಲಿ, ಹಿಂದಿನದ್ದು ನೆನಪಾಗ್ತಿದೆ ಅವಳಿಗೆ ಅಂತ.

ಅವ್ನು ಹಿಂದಕ್ಕೆ ಹಾಕಿ ಹಾಕಿ ನಾಲ್ಕು ಸಲ ನೋಡಿದ. ಏನೂ ಮಾತಾಡ್ಲಿಲ್ಲ. ಸಿನಿಮಾ ಮುಗಿದು ಹೆಸರುಗಳು ಓಡ್ತಿರೋವಾಗ "ನೀನು ತೋರಿಸಬಾರದಿತ್ತು ಅಕ್ಕ, ಇನ್ಮೇಲೆ ನಂಗೂ ಕಾಣುತ್ತೆ" ಅಂದ.